ಸೀಸದ ನಕ್ಷತ್ರ: ಒಂದೇ ಪ್ರಶ್ನೆಗೆ ಬಂದ ನಾಲ್ಕು ಉತ್ತರಗಳ ಪ್ರಕರಣ ಅಧ್ಯಯನ

ಕಲಬುರಗಿಯ ಒಂದು ಪದವಿ ಕಾಲೇಜಿನಲ್ಲಿ ಅಂತಿಮ ವರ್ಷದ ಭೌತಶಾಸ್ತ್ರ ತರಗತಿಗೆ ಖಭೌತವಿಜ್ಞಾನದ ಭಾಗವನ್ನು ಪಾಠ ಮಾಡುವ ನಾನು ಫೆಬ್ರವರಿಯಲ್ಲಿ ಒಂದು ಆಂತರಿಕ ಕಿರುಪರೀಕ್ಷೆ ನಡೆಸಿದೆ. ಅದರಲ್ಲಿ ಕೇಳಿದ ಒಂದು ಪ್ರಶ್ನೆ ಮತ್ತು ಅದಕ್ಕೆ ಬಂದ ಉತ್ತರಗಳೇ ಈ ಪ್ರಕರಣದ ವಸ್ತು. ಹತ್ತು ಅಂಕಗಳ ಆ ಪ್ರಶ್ನೆ ಹೀಗಿತ್ತು: "ಶ್ವೇತ ಕುಬ್ಜ ನಕ್ಷತ್ರವೊಂದಕ್ಕೆ ಇರಬಹುದಾದ ಗರಿಷ್ಠ ದ್ರವ್ಯರಾಶಿಯನ್ನು ಸೂರ್ಯನ ದ್ರವ್ಯರಾಶಿಗೆ ಹೋಲಿಸಿ ಕಂಡುಹಿಡಿಯಿರಿ." ಸೂತ್ರವನ್ನು ಪ್ರಶ್ನೆಯ ಕೆಳಗೇ ಕೊಟ್ಟಿದ್ದೆ, ಸ್ಥಿರಾಂಕಗಳ ಮುದ್ರಿತ ಪಟ್ಟಿಯೂ ಎಲ್ಲರ ಕೈಯಲ್ಲಿತ್ತು. ಬರೆದವರು 18 ಜನ.

ಉತ್ತರಪತ್ರಿಕೆಗಳನ್ನು ತಿದ್ದಲು ಕುಳಿತಾಗ ನನ್ನ ಮಾದರಿ ಉತ್ತರದಲ್ಲಿ ಇದ್ದದ್ದು 1.44 ಎಂಬ ಒಂದೇ ಸಂಖ್ಯೆ. ಬಂದ ಉತ್ತರಗಳು ಹಾಗಿರಲಿಲ್ಲ. ಐದು ಜನರಿಗೆ 1.43 ಬಂದಿತ್ತು, ನಾಲ್ವರಿಗೆ 1.46, ಮೂವರಿಗೆ 5.73, ಒಬ್ಬ ವಿದ್ಯಾರ್ಥಿನಿಗೆ 0.89. ಉಳಿದ ಐವರು ಲೆಕ್ಕವನ್ನು ಅರ್ಧಕ್ಕೆ ಬಿಟ್ಟು, ಪುಟದ ಕೊನೆಯಲ್ಲಿ 1.44 ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದಿದ್ದರು. ಮೊದಲ ಒಂಬತ್ತು ಜನರಿಗೆ, ದಶಮಾಂಶದ ಸಣ್ಣ ವ್ಯತ್ಯಾಸವೆಂದು ಭಾವಿಸಿ, ಪೂರ್ಣ ಅಂಕ ಕೊಟ್ಟೆ. 1.44 ಬರೆದವರಿಗೆ ಆರು, 5.73 ಬರೆದವರಿಗೆ ಮೂರು, 0.89 ಬರೆದವಳಿಗೆ ಎರಡು ಅಂಕ ಸಿಕ್ಕವು. ನೆನಪಿನಿಂದ ಸಂಖ್ಯೆ ಬರೆದವರಿಗೆ ಪೂರ್ತಿ ಲೆಕ್ಕ ಮಾಡಿದವಳಿಗಿಂತ ಮೂರು ಪಟ್ಟು ಅಂಕ ಸಂದಿತ್ತು ಎಂಬುದು ಆ ರಾತ್ರಿ ನನಗೆ ಹೊಳೆಯಲೇ ಇಲ್ಲ.

ಪತ್ರಿಕೆಗಳನ್ನು ಹಿಂದಿರುಗಿಸಿದ ದಿನ, ಸೇಡಂ ಕಡೆಯಿಂದ ದಿನವೂ ಬಸ್ಸಿನಲ್ಲಿ ಬರುವ ಆ ವಿದ್ಯಾರ್ಥಿನಿ ತರಗತಿ ಮುಗಿದ ಮೇಲೆ ಮೇಜಿನ ಬಳಿ ನಿಂತಳು.

"ಸರ್, ಲೆಕ್ಕದಾಗ ಎಲ್ಲಿ ತಪ್ಪಾಗ್ಯಾದ ಹೇಳ್ರಿ. ಮೂರು ಸಲ ಮಾಡೀನ್ರಿ, ಮೂರೂ ಸಲ ಅಷ್ಟೇ ಬರ್ತದ."

"ಯಾವ ಧಾತು ತೊಗೊಂಡಿ?" ಎಂದು ಕೇಳಿದೆ.

"ಸೀಸ ತೊಗೊಂಡೀನ್ರಿ. ಅಷ್ಟು ಭಾರ ಇರೋ ನಕ್ಷತ್ರ ಹಗುರ ವಸ್ತುದು ಹ್ಯಾಂಗ ಇರ್ತದ್ರಿ?"

ಪತ್ರಿಕೆಯನ್ನು ಮತ್ತೆ ತೆಗೆದುಕೊಂಡು ಸಾಲು ಸಾಲಾಗಿ ನೋಡಿದೆ. ಸೀಸದ ಪರಮಾಣುವಿನಲ್ಲಿ ಪ್ರೋಟಾನ್, ನ್ಯೂಟ್ರಾನ್ ಎರಡೂ ಸೇರಿ 208 ನ್ಯೂಕ್ಲಿಯಾನ್‌ಗಳು, 82 ಎಲೆಕ್ಟ್ರಾನ್‌ಗಳು, ಭಾಗಿಸಿದರೆ 2.54, ಅದರ ವರ್ಗ 6.43, ಸೂತ್ರದ ಉಳಿದ ಭಾಗದಿಂದ ಬರುವ 5.73ನ್ನು 6.43ರಿಂದ ಭಾಗಿಸಿದರೆ 0.89. ಗಣಿತದಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ. ನಕ್ಷತ್ರವು ಯಾವ ವಸ್ತುವಿನದು ಎಂಬುದನ್ನು ನನ್ನ ಪ್ರಶ್ನೆ ಹೇಳಿಯೇ ಇರಲಿಲ್ಲ. ಹೇಳದಿದ್ದುದನ್ನು ಅವಳು ತನ್ನ ಬುದ್ಧಿಗೆ ತಿಳಿದಂತೆ ತುಂಬಿಕೊಂಡಿದ್ದಳು. ಉಳಿದವರೂ ಅದನ್ನೇ ಮಾಡಿದ್ದರು.

ಜೊತೆಯಾಗಿ ನಡೆದ ದಾರಿ

ನಾಲ್ಕೂ ಉತ್ತರಗಳು ಬಹುದೂರ ಒಂದೇ ದಾರಿಯಲ್ಲಿ ನಡೆದು ಕೊನೆಯ ತಿರುವಿನಲ್ಲಿ ಮಾತ್ರ ಅಗಲಿವೆ. ಆದ್ದರಿಂದ ಆ ದಾರಿಯನ್ನು ಮೊದಲು ನೋಡಬೇಕು.

ಇಂಧನ ತೀರಿದ ನಕ್ಷತ್ರದ ಒಡಲು ಶ್ವೇತ ಕುಬ್ಜವಾಗಿ ಉಳಿದಾಗ, ಅದನ್ನು ಕುಸಿಯದಂತೆ ಹಿಡಿದಿಡುವುದು ಶಾಖವಲ್ಲ. ಪೌಲಿಯ ಬಹಿಷ್ಕರಣ ತತ್ವದ ಪ್ರಕಾರ ಒಂದೇ ಸ್ಥಿತಿಯಲ್ಲಿ ಎರಡು ಎಲೆಕ್ಟ್ರಾನ್‌ಗಳು ಇರಲಾರವು. ಅವುಗಳನ್ನು ಇಕ್ಕಟ್ಟಿನಲ್ಲಿ ತುಂಬಿದಷ್ಟೂ ಹೊಸದಾಗಿ ಬಂದವು ಹೆಚ್ಚು ಹೆಚ್ಚು ಸಂವೇಗದ ಸ್ಥಿತಿಗಳಿಗೆ ಏರಲೇಬೇಕು. ಆ ಸಂವೇಗದಿಂದ ಹುಟ್ಟುವ ಒತ್ತಡಕ್ಕೆ ಡಿಜೆನರಸಿ ಒತ್ತಡ ಎಂದು ಹೆಸರು, ಮತ್ತು ನಕ್ಷತ್ರ ಎಷ್ಟೇ ತಣ್ಣಗಾದರೂ ಅದು ಉಳಿದಿರುತ್ತದೆ. 1926ರಲ್ಲಿ ಕೇಂಬ್ರಿಜ್‌ನ ಆರ್. ಎಚ್. ಫೌಲರ್ ಈ ಒತ್ತಡದಿಂದ ಶ್ವೇತ ಕುಬ್ಜಗಳ ಅಸ್ತಿತ್ವವನ್ನು ವಿವರಿಸಿದಾಗ, ಯಾವ ದ್ರವ್ಯರಾಶಿಯ ನಕ್ಷತ್ರವಾದರೂ ತನಗೆ ತಕ್ಕ ತ್ರಿಜ್ಯವನ್ನು ಕಂಡುಕೊಂಡು ನಿಲ್ಲಬಲ್ಲದು ಎಂದೇ ಲೆಕ್ಕ ಹೇಳುತ್ತಿತ್ತು.

ಇದನ್ನು ತರಗತಿಯಲ್ಲಿ ನಾನು ಬೇಡಿಕೆ ಮತ್ತು ಪೂರೈಕೆಯ ಭಾಷೆಯಲ್ಲಿ ಹೇಳುತ್ತೇನೆ. ನಕ್ಷತ್ರವನ್ನು ಅದುಮಿ ಅದರ ತ್ರಿಜ್ಯವನ್ನು ಅರ್ಧಕ್ಕೆ ಇಳಿಸಿದೆವೆಂದುಕೊಳ್ಳೋಣ. ಗುರುತ್ವವನ್ನು ತಡೆಯಲು ಬೇಕಾಗುವ ಒತ್ತಡ, ಅಂದರೆ ಬೇಡಿಕೆ, 16 ಪಟ್ಟು ಏರುತ್ತದೆ. ಎಲೆಕ್ಟ್ರಾನ್‌ಗಳ ವೇಗ ಬೆಳಕಿನ ವೇಗಕ್ಕಿಂತ ಬಹಳ ಕಡಿಮೆ ಇರುವವರೆಗೆ, ಅವು ಕೊಡುವ ಒತ್ತಡ, ಅಂದರೆ ಪೂರೈಕೆ, 32 ಪಟ್ಟು ಏರುತ್ತದೆ. ಪೂರೈಕೆ ಬೇಡಿಕೆಯನ್ನು ದಾಟುವುದರಿಂದ ನಕ್ಷತ್ರ ಹಿಂದಕ್ಕೆ ಉಬ್ಬಿ ತನ್ನ ಸಮತೋಲಕ್ಕೆ ಮರಳುತ್ತದೆ. ಆದರೆ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ ಸುಮಾರು 2 ಟನ್ ಮುಟ್ಟುವ ಹೊತ್ತಿಗೆ ಎಲೆಕ್ಟ್ರಾನ್‌ಗಳು ಬೆಳಕಿನ ವೇಗದ ಹತ್ತಿರಕ್ಕೆ ಬಂದಿರುತ್ತವೆ; ಅಲ್ಲಿಂದಾಚೆ ಸಂವೇಗ ಏರಿದರೂ ವೇಗ ಏರಲು ಜಾಗವಿಲ್ಲ. ಆ ಸ್ಥಿತಿಯ ತುತ್ತತುದಿಯಲ್ಲಿ ತ್ರಿಜ್ಯವನ್ನು ಅರ್ಧ ಮಾಡಿದರೆ ಪೂರೈಕೆ ಏರುವುದು 16 ಪಟ್ಟು ಮಾತ್ರ. ಬೇಡಿಕೆಯೂ 16, ಪೂರೈಕೆಯೂ 16. ಎಷ್ಟೇ ಕುಗ್ಗಿದರೂ ನಕ್ಷತ್ರಕ್ಕೆ ಲಾಭವಿಲ್ಲ. ತ್ರಿಜ್ಯವೇ ಸಮೀಕರಣದಿಂದ ಜಾರಿಹೋಗಿ, ಎರಡೂ ಬದಿ ಸಮವಾಗುವ ಒಂದೇ ಒಂದು ದ್ರವ್ಯರಾಶಿ ಉಳಿದುಕೊಳ್ಳುತ್ತದೆ. ಅದೇ ಮಿತಿ.

1930ರ ಜುಲೈ ಕೊನೆಯಲ್ಲಿ ಮುಂಬಯಿಯಿಂದ ಹಡಗು ಹತ್ತಿದ 19 ವರ್ಷದ ಸುಬ್ರಹ್ಮಣ್ಯನ್ ಚಂದ್ರಶೇಖರ್ ವೆನಿಸ್ ತಲುಪುವ ಮೊದಲು ಫೌಲರ್ ಅವರ ಲೆಕ್ಕಕ್ಕೆ ಸೇರಿಸಿದ್ದು ಈ ಸಾಪೇಕ್ಷತೆಯ ಅಂಶವನ್ನು. ಅದೇ ಕಾಲದಲ್ಲಿ ಟಾರ್ಟುವಿನ ವಿಲ್ಹೆಲ್ಮ್ ಆಂಡರ್ಸನ್ ಮತ್ತು ಲೀಡ್ಸ್‌ನ ಎಡ್ಮಂಡ್ ಸ್ಟೋನರ್ ಕೂಡ ಇಂಥ ಮಿತಿಯ ಬಳಿಗೆ ಬಂದಿದ್ದರು ಎಂಬುದನ್ನು ವಿದ್ಯಾರ್ಥಿಗಳಿಗೆ ಹೇಳುವುದು ನ್ಯಾಯ. ಸ್ಟೋನರ್ ನಕ್ಷತ್ರದ ಉದ್ದಗಲಕ್ಕೂ ಒಂದೇ ಸಾಂದ್ರತೆಯಿದೆ ಎಂದು ಭಾವಿಸಿದ್ದರಿಂದ ಅವರ ಮಿತಿ ಐದನೇ ಒಂದು ಭಾಗದಷ್ಟು ಹೆಚ್ಚಾಗಿ ಬಂದಿತ್ತು. ಒಳಗೆ ದಟ್ಟವಾಗಿ ಹೊರಗೆ ತೆಳುವಾಗುವ ನಿಜವಾದ ರಚನೆಯನ್ನು ಲೇನ್-ಎಂಡೆನ್ ಸಮೀಕರಣದ ಮೂಲಕ ಲೆಕ್ಕಕ್ಕೆ ತಂದವರು ಚಂದ್ರಶೇಖರ್.

ನಾನು ಕೊಟ್ಟಿದ್ದ ಸೂತ್ರವನ್ನು ಮಾತಿನಲ್ಲಿ ಹೇಳುವುದಾದರೆ ಹೀಗೆ: ಪ್ಲಾಂಕ್ ದ್ರವ್ಯರಾಶಿಯ ಘನವನ್ನು, ಒಂದೊಂದು ಎಲೆಕ್ಟ್ರಾನಿನ ಪಾಲಿಗೆ ಬರುವ ವಸ್ತುವಿನ ದ್ರವ್ಯರಾಶಿಯ ವರ್ಗದಿಂದ ಭಾಗಿಸಿ, ಬಂದದ್ದನ್ನು ಸುಮಾರು 3.1ರಿಂದ ಗುಣಿಸಬೇಕು. ಪ್ಲಾಂಕ್ ದ್ರವ್ಯರಾಶಿ ಎಂಬುದು ಬೆಳಕಿನ ವೇಗ, ಪ್ಲಾಂಕ್ ಸ್ಥಿರಾಂಕ ಮತ್ತು ಗುರುತ್ವ ಸ್ಥಿರಾಂಕ ಈ ಮೂರರಿಂದಲೇ ಹುಟ್ಟುವ, ಸುಮಾರು 0.02 ಮಿಲಿಗ್ರಾಂನ ಅಳತೆ. ಇಷ್ಟು ಚಿಕ್ಕ ಅಳತೆಯಿಂದ ಹೊರಟು ಕ್ಯಾಲ್ಕುಲೇಟರಿನ ಹತ್ತಾರು ಗುಂಡಿ ಒತ್ತಿದ ಮೇಲೆ ಒಂದು ನಕ್ಷತ್ರದ ತೂಕ ತೆರೆಯ ಮೇಲೆ ಮೂಡುವುದನ್ನು ಎಷ್ಟು ಸಲ ನೋಡಿದರೂ ನನಗೆ ಬೆರಗು ತಪ್ಪಿಲ್ಲ. ಎಲ್ಲರೂ ಇಲ್ಲಿಯವರೆಗೆ ಸರಿಯಾಗಿಯೇ ಬಂದಿದ್ದರು. ಬೇರೆಯಾದದ್ದು "ಒಂದು ಎಲೆಕ್ಟ್ರಾನಿನ ಪಾಲಿಗೆ ಬರುವ ವಸ್ತು" ಎಂಬ ಮಾತಿನಲ್ಲಿ. ಒಂದು ಎಲೆಕ್ಟ್ರಾನಿಗೆ ಎಷ್ಟು ನ್ಯೂಕ್ಲಿಯಾನ್‌ಗಳು ಎಂಬ ಈ ಸಂಖ್ಯೆಯನ್ನು ಪಠ್ಯಪುಸ್ತಕಗಳು ಮ್ಯೂ ಎಂಬ ಗ್ರೀಕ್ ಅಕ್ಷರದಿಂದ ಗುರುತಿಸುತ್ತವೆ. ಹೈಡ್ರೋಜನ್‌ಗೆ ಅದು 1, ಹೀಲಿಯಂ, ಕಾರ್ಬನ್, ಆಕ್ಸಿಜನ್‌ಗಳಿಗೆ 2, ಕಬ್ಬಿಣಕ್ಕೆ 2.15, ಸೀಸಕ್ಕೆ 2.54. ಮಿತಿಯು ಮ್ಯೂವಿನ ವರ್ಗಕ್ಕೆ ವಿಲೋಮವಾದ್ದರಿಂದ ಮ್ಯೂ ಸ್ವಲ್ಪ ಏರಿದರೂ ಮಿತಿ ಬಹಳ ಇಳಿಯುತ್ತದೆ.

ಸೀಸದ ಉತ್ತರ

ಅವಳ ಆಯ್ಕೆಯ ಹಿಂದೆ ಒಂದು ಸಹಜವಾದ ತಪ್ಪು ತಿಳಿವಳಿಕೆ ಇತ್ತು, ಮತ್ತು ಅದು ಅವಳೊಬ್ಬಳದಲ್ಲ ಎಂದು ನನಗೆ ಆಮೇಲೆ ವಿಚಾರಿಸಿದಾಗ ಗೊತ್ತಾಯಿತು. ನಮ್ಮ ದಿನನಿತ್ಯದ ಅನುಭವದಲ್ಲಿ ಸಣ್ಣ ಗಾತ್ರದಲ್ಲಿ ದೊಡ್ಡ ಭಾರವಿರುವುದು ಸೀಸ, ಚಿನ್ನ, ಪಾದರಸದಂಥ ವಸ್ತುಗಳಲ್ಲಿ; ಹಾಗಾಗಿ ಅತಿ ಸಾಂದ್ರವಾದ ನಕ್ಷತ್ರವೂ ಅಂಥದೇ ಲೋಹದ್ದಿರಬೇಕು ಎಂದು ಮನಸ್ಸು ಹೇಳುತ್ತದೆ. ಲುಬ್ಧಕ ನಕ್ಷತ್ರಕ್ಕೆ ಸಿರಿಯಸ್-ಬಿ ಎಂಬ ಶ್ವೇತ ಕುಬ್ಜ ಸಂಗಾತಿಯಿದೆ. ಅದರ ದ್ರವ್ಯರಾಶಿ ಸೂರ್ಯನ 1.02 ಪಟ್ಟು, ತ್ರಿಜ್ಯ 6,000 ಕಿಲೋಮೀಟರಿಗಿಂತ ತುಸು ಕಡಿಮೆ. ಅಂದರೆ ಸೂರ್ಯನಷ್ಟು ವಸ್ತು ಭೂಮಿಗಿಂತ ಚಿಕ್ಕ ಗೋಲದಲ್ಲಿ ತುಂಬಿದೆ. ಸರಾಸರಿ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ ಸುಮಾರು 2.4 ಟನ್. ನಮ್ಮ ಜಿಲ್ಲೆಯ ತೊಗರಿಯ ಹತ್ತು ಹನ್ನೆರಡು ಕಾಳು ಸೇರಿದರೆ ಒಂದು ಘನ ಸೆಂಟಿಮೀಟರ್ ಆದೀತು. ಆದ್ದರಿಂದ ಒಂದೇ ಒಂದು ತೊಗರಿಕಾಳಿನ ಜಾಗದಲ್ಲಿ ಎರಡು ಕ್ವಿಂಟಲ್, ಅಂದರೆ ಗಂಜಿನಲ್ಲಿ ತೂಗಿ ಪೇರಿಸಿಟ್ಟ ತೊಗರಿಯ ಚೀಲಗಳಲ್ಲಿ ಎರಡು ಮೂರು ಚೀಲದ ಭಾರ ಅಡಗಿರುತ್ತದೆ ಎಂದು ಅವಳಿಗೆ ಹೇಳಿದೆ. ಭೂಮಿಯ ಮೇಲಿನ ಸೀಸದ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ 11 ಗ್ರಾಂ ಚಿಲ್ಲರೆ. ಸಿರಿಯಸ್-ಬಿ ಅದಕ್ಕಿಂತ ಎರಡು ಲಕ್ಷ ಪಟ್ಟು ಸಾಂದ್ರ. ಎರಡು ಲಕ್ಷ ಪಟ್ಟಿನ ಈ ಅಂತರವನ್ನು ಯಾವ ಲೋಹವೂ ತುಂಬಲಾರದು. ಅಲ್ಲಿ ಪರಮಾಣುಗಳೇ ಒಡೆದು ಎಲೆಕ್ಟ್ರಾನ್‌ಗಳು ಬೀಜಗಳಿಂದ ಬೇರೆಯಾಗಿವೆ. ಸಾಂದ್ರತೆ ಬಂದದ್ದು ಗುರುತ್ವ ಅದುಮಿದ್ದರಿಂದ, ವಸ್ತುವಿನ ಜಾತಿಯಿಂದಲ್ಲ.

ಹಾಗಾದರೆ ಸೀಸ ತೆಗೆದುಕೊಂಡಾಗ ಮಿತಿ ಏಕೆ ಇಳಿಯಿತು? ಇದೇ ಅವಳ ಮುಂದಿನ ಪ್ರಶ್ನೆ, ಮತ್ತು ಇಡೀ ಪ್ರಕರಣದ ತಿರುಳು ಇಲ್ಲಿದೆ. ಶ್ವೇತ ಕುಬ್ಜದಲ್ಲಿ ಹೊರೆ ನ್ಯೂಕ್ಲಿಯಾನ್‌ಗಳದು, ಹೊರುವ ಹೆಗಲು ಎಲೆಕ್ಟ್ರಾನ್‌ಗಳದು. ಕಾರ್ಬನ್ನಿನಲ್ಲಿ 12 ನ್ಯೂಕ್ಲಿಯಾನ್‌ಗಳ ಹೊರೆಗೆ ಆರು ಹೆಗಲು. ಸೀಸದಲ್ಲಿ 208ರ ಹೊರೆಗೆ 82. ಕಾರ್ಬನ್ನಿನ ಲೆಕ್ಕದಲ್ಲಾದರೆ 104 ಇರಬೇಕಿತ್ತು. ಹೆಗಲು ಕಡಿಮೆಯಾದಂತೆ ಹೊರಬಹುದಾದ ಹೊರೆಯೂ ಕಡಿಮೆಯಾಗುತ್ತದೆ. ಭಾರವಾದ ಧಾತುಗಳಿಂದ ನಕ್ಷತ್ರಕ್ಕೆ ಬಲ ಬರುತ್ತದೆಂದು ಅವಳು ಎಣಿಸಿದ್ದಳು, ಬರುವುದು ನಿತ್ರಾಣ.

ಇಷ್ಟಾದ ಮೇಲೂ ಅವಳಿಗೆ "ನಿನ್ನ ಆಯ್ಕೆ ತಪ್ಪು" ಎಂದು ನಾನು ಹೇಳಿದ್ದರೆ ಅದು ಮತ್ತೆ ನನ್ನ ಮಾತಿನ ಬಲದಿಂದ ಸಾಧಿಸಿದ ತೀರ್ಮಾನವಾಗುತ್ತಿತ್ತು. ಆಕಾಶವೇ ಹೇಳಲಿ ಎಂದು, ಆ ವಾರದ ಕೊನೆಗೆ ಊರಿನಲ್ಲೇ ಉಳಿಯುವ ಏಳೆಂಟು ವಿದ್ಯಾರ್ಥಿಗಳನ್ನು ಕಾಲೇಜಿನ ಮಾಳಿಗೆಗೆ ಕರೆದೆ. ಅವಳು ಆ ರಾತ್ರಿ ನಗರದ ತನ್ನ ಅತ್ತೆಯ ಮನೆಯಲ್ಲಿ ಉಳಿದು ಬಂದಳು. ಫೆಬ್ರವರಿ ಮಧ್ಯದಲ್ಲಿ ರಾತ್ರಿ ಒಂಬತ್ತೂವರೆ ಸುಮಾರಿಗೆ ಲುಬ್ಧಕ ನಮ್ಮ ದಕ್ಷಿಣಕ್ಕೆ, ದಿಗಂತದಿಂದ 56 ಡಿಗ್ರಿ ಎತ್ತರದಲ್ಲಿ, ತನ್ನ ದಾರಿಯ ನೆತ್ತಿಯಲ್ಲಿ ಇರುತ್ತದೆ. ಅದರ ಸಂಗಾತಿ ಕಣ್ಣಿಗೆ ಕಾಣುವುದಿಲ್ಲ. ಲುಬ್ಧಕಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಮಂಕಾಗಿ ಅದರ ಪ್ರಭೆಯಲ್ಲೇ ಮುಳುಗಿರುತ್ತದೆ. ಲುಬ್ಧಕ ಆಕಾಶದಲ್ಲಿ ನೇರವಾಗಿ ಸಾಗದೆ ಓಲಾಡುತ್ತಿದೆ ಎಂದು ಗಮನಿಸಿ ಕಾಣದ ಸಂಗಾತಿಯೊಂದಿದೆ ಎಂದು 1844ರಲ್ಲಿ ಊಹಿಸಿದವರು ಬೆಸೆಲ್. 1862ರಲ್ಲಿ ಹೊಸ ದೂರದರ್ಶಕವೊಂದನ್ನು ಪರೀಕ್ಷಿಸುವಾಗ ಅದನ್ನು ಕಂಡವರು ಆಲ್ವನ್ ಗ್ರಹಾಂ ಕ್ಲಾರ್ಕ್.

ಆ ಮಾಳಿಗೆಯ ಮೇಲೆ, ಮೊಬೈಲಿನ ಬೆಳಕಿನಲ್ಲಿ, ವಿದ್ಯಾರ್ಥಿಗಳು ಕೆಪ್ಲರನ ಮೂರನೆಯ ನಿಯಮದಿಂದ ಲೆಕ್ಕ ಹಾಕಿದರು. ಎರಡು ನಕ್ಷತ್ರಗಳ ಕಕ್ಷೆಯ ಅರ್ಧ ದೀರ್ಘಾಕ್ಷ ಭೂಮಿ ಸೂರ್ಯರ ದೂರದ 19.8 ಪಟ್ಟು, ಸುತ್ತುವ ಅವಧಿ 50.1 ವರ್ಷ. ಮೊದಲನೆಯದರ ಘನವನ್ನು ಎರಡನೆಯದರ ವರ್ಗದಿಂದ ಭಾಗಿಸಿದರೆ 3.09, ಇದು ಸೂರ್ಯನ ಲೆಕ್ಕದಲ್ಲಿ ಎರಡರ ಒಟ್ಟು ದ್ರವ್ಯರಾಶಿ. ಅವುಗಳ ಓಲಾಟದ ಅಳತೆಯಿಂದ ಎರಡು ಪಾಲು ಲುಬ್ಧಕಕ್ಕೆ, ಒಂದು ಪಾಲು ಸಂಗಾತಿಗೆ ಎಂದು ತಿಳಿದಿದೆ. ಸಂಗಾತಿಗೆ ಬರುವುದು 1ಕ್ಕಿಂತ ಸ್ವಲ್ಪ ಹೆಚ್ಚು. ಅವಳು ತನ್ನ ಟಿಪ್ಪಣಿ ಪುಸ್ತಕದಲ್ಲಿ ಈ ಸಂಖ್ಯೆಯ ಪಕ್ಕಕ್ಕೆ 0.89 ಬರೆದು ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು. ಆಮೇಲೆ, "ಸೀಸದ್ದಿದ್ರ ಇದು ಇಲ್ಲಿ ಇರ್ತಿರಲಿಲ್ಲರೀ ಸರ್" ಎಂದಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಮರುದಿನ ನಾನು ಅವಳಿಗೆ ಹೇಳಬೇಕಾದ ಇನ್ನೊಂದು ಮಾತಿತ್ತು. 1931ರಲ್ಲಿ ಅಮೆರಿಕದ ಖಭೌತ ನಿಯತಕಾಲಿಕವೊಂದರಲ್ಲಿ ಚಂದ್ರಶೇಖರ್ ಪ್ರಕಟಿಸಿದ ಎರಡೇ ಪುಟಗಳ ಲೇಖನದಲ್ಲಿ ಅಚ್ಚಾದ ಗರಿಷ್ಠ ದ್ರವ್ಯರಾಶಿ 1.44 ಅಲ್ಲ, 0.91. ಏಕೆಂದರೆ ಅಲ್ಲಿ ಅವರು ಮ್ಯೂವಿಗೆ 2.5 ಎಂಬ ಬೆಲೆಯನ್ನು ಹಿಡಿದಿದ್ದರು. ನಕ್ಷತ್ರಗಳ ಒಡಲು ಬಹುಮಟ್ಟಿಗೆ ಭಾರವಾದ ಧಾತುಗಳಿಂದ ಆದದ್ದು ಎಂಬುದು ಆ ಕಾಲದಲ್ಲಿ ನಕ್ಷತ್ರಗಳ ಒಳರಚನೆಯ ಲೆಕ್ಕಗಳಲ್ಲಿ ರೂಢಿಯಲ್ಲಿದ್ದ ಗ್ರಹಿಕೆ. ಅದು ಬದಲಾದದ್ದು ಅದರ ಮರುವರ್ಷದ ಸುಮಾರಿಗೆ. ಸಿರಿಯಸ್-ಬಿಯ ದ್ರವ್ಯರಾಶಿಯೂ ಆಗ 0.85 ಎಂದೇ ಬಳಕೆಯಲ್ಲಿದ್ದುದರಿಂದ 0.91ರ ಮಿತಿಗೆ ಆಕಾಶದಿಂದ ಯಾವ ಅಡ್ಡಿಯೂ ಬರಲಿಲ್ಲ. ಸೇಡಂನ ಹುಡುಗಿಯ ಪತ್ರಿಕೆಯಲ್ಲಿ ನಾನು ಕೆಂಪು ಶಾಯಿಯಿಂದ ಅಡ್ಡಗೆರೆ ಎಳೆದಿದ್ದ ಉತ್ತರ, ಈ ಮಿತಿಯು ಚಂದ್ರಶೇಖರರ ಹೆಸರಿನಲ್ಲಿ ಮೊದಲು ಅಚ್ಚಾದಾಗ ಇದ್ದ ಸಂಖ್ಯೆಗೆ ಎರಡು ನೂರಾಂಶ ಮಾತ್ರ ದೂರದಲ್ಲಿತ್ತು.

ನಮ್ಮ ತರಗತಿಗಳಲ್ಲಿ, ನನ್ನ ತರಗತಿಯನ್ನೂ ಸೇರಿಸಿ, 1935ರ ಜನವರಿ 11ರಂದು ಲಂಡನ್ನಿನ ಸಭೆಯಲ್ಲಿ ಆ ಕಾಲದ ಹೆಸರಾಂತ ಖಭೌತವಿಜ್ಞಾನಿ ಎಡಿಂಗ್ಟನ್ ಈ ಮಿತಿಯನ್ನು ಅಲ್ಲಗಳೆದ ಕಥೆಗೆ ಅರ್ಧ ಗಂಟೆ ಸಿಗುತ್ತದೆ; 0.91 ಎಂಬುದು 1.44 ಆದ ಬಗೆಗೆ ಒಂದು ನಿಮಿಷವೂ ಸಿಗುವುದಿಲ್ಲ. ಮೊದಲನೆಯದು ರೋಚಕವೇ ಸರಿ. ಆದರೆ ವಿಜ್ಞಾನ ಕಲಿಯುವವರಿಗೆ ಎರಡನೆಯದು ಹೆಚ್ಚು ಬೇಕು ಎಂಬುದು ಈಗ ನನ್ನ ಗಟ್ಟಿಯಾದ ಅಭಿಪ್ರಾಯ, ಏಕೆಂದರೆ ಸಿದ್ಧಾಂತ ಒಂದಿಷ್ಟೂ ಬದಲಾಗದೆ, ವಸ್ತುವಿನ ಬಗೆಗಿನ ತಿಳಿವು ಮಾತ್ರ ಬದಲಾದಾಗ ಉತ್ತರ ಹೇಗೆ ಬದಲಾಗುತ್ತದೆ ಎಂಬುದನ್ನು ಅದು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ.

ಉಳಿದ ಉತ್ತರಗಳು

5.73 ಬರೆದ ಮೂವರು ಮ್ಯೂವನ್ನು 1 ಎಂದು ಹಿಡಿದಿದ್ದರು. ಅವರಲ್ಲಿ ಇಬ್ಬರು "ನಕ್ಷತ್ರ ಅಂದ್ರ ಹೈಡ್ರೋಜನ್ ಅಲ್ಲೇನ್ರಿ" ಎಂದು ಕಾರಣ ಕೊಟ್ಟರು. ಒಬ್ಬ ಆ ಚಿಹ್ನೆಯನ್ನು ಗಮನಿಸದೆ ಬಿಟ್ಟಿದ್ದ. ಸೂರ್ಯನಂಥ ನಕ್ಷತ್ರಕ್ಕೆ ಇಬ್ಬರ ಮಾತು ಸರಿ. ಆದರೆ ಶ್ವೇತ ಕುಬ್ಜವೆಂದರೆ ಹೈಡ್ರೋಜನ್ ಉರಿದು ಹೀಲಿಯಂ ಆಗಿ, ಬಹುತೇಕ ಸಂದರ್ಭಗಳಲ್ಲಿ ಹೀಲಿಯಂ ಕೂಡ ಉರಿದು ಕಾರ್ಬನ್ ಮತ್ತು ಆಕ್ಸಿಜನ್ ಆದ ಮೇಲೆ ಉಳಿಯುವ ಒಡಲು. ಅದರ ಮೇಲ್ಮೈಯಲ್ಲಿ ಹೈಡ್ರೋಜನ್ನಿನ ತೆಳುವಾದ ಪೊರೆ ಇರಬಹುದೇ ಹೊರತು ಒಳಗೆ ಅದು ಉಳಿಯಲಾರದು. ಅಷ್ಟು ಸಾಂದ್ರತೆಯಲ್ಲಿ ಅದು ಉರಿಯದೆ ಇರುವುದಿಲ್ಲ.

1.43 ಮತ್ತು 1.46ರ ವ್ಯತ್ಯಾಸವನ್ನು ದಶಮಾಂಶದ ಜಾರು ಎಂದು ನಾನು ತಳ್ಳಿಹಾಕಿದ್ದು ಎರಡನೆಯ ತಪ್ಪು. ಎರಡೂ ಗುಂಪುಗಳು ಮ್ಯೂವನ್ನು 2 ಎಂದೇ ಹಿಡಿದಿದ್ದವು. ಮೊದಲ ಗುಂಪು ನ್ಯೂಕ್ಲಿಯಾನಿನ ದ್ರವ್ಯರಾಶಿಗೆ ಹೈಡ್ರೋಜನ್ ಪರಮಾಣುವಿನ ದ್ರವ್ಯರಾಶಿಯನ್ನು ಹಾಕಿತ್ತು. ಎರಡನೆಯದು ಸ್ಥಿರಾಂಕಗಳ ಪಟ್ಟಿಯಲ್ಲಿ ಅದರ ಕೆಳಗಿನ ಸಾಲಿನಲ್ಲಿದ್ದ ಪರಮಾಣು ದ್ರವ್ಯರಾಶಿ ಏಕಮಾನವನ್ನು ಹಾಕಿತ್ತು. ಇವೆರಡರ ನಡುವೆ ಇರುವುದು ನೂರಕ್ಕೆ 0.8ರಷ್ಟು ಅಂತರ, ವರ್ಗ ಮಾಡಿದಾಗ ಅದು 1.6 ಆಗಿ, 1.43 ಎಂಬುದು 1.46 ಆಗುತ್ತದೆ. ಕಾರ್ಬನ್ನಿನಲ್ಲಿ ಒಂದು ನ್ಯೂಕ್ಲಿಯಾನಿನ ಪಾಲಿಗೆ ಬರುವ ದ್ರವ್ಯರಾಶಿ, ವ್ಯಾಖ್ಯೆಯ ಪ್ರಕಾರವೇ, ಸರಿಯಾಗಿ ಒಂದು ಏಕಮಾನ. ಆದ್ದರಿಂದ ಕಾರ್ಬನ್ ನಕ್ಷತ್ರಕ್ಕೆ ಒಪ್ಪುವುದು ಎರಡನೆಯ ಗುಂಪಿನ ಉತ್ತರ. ಮತ್ತು ಆ 0.8 ಎಂಬುದು ಎಲ್ಲಿಗೆ ಹೋಯಿತು? ಹೈಡ್ರೋಜನ್ ಬೀಜಗಳು ಕೂಡಿ ಕಾರ್ಬನ್ ಆಗುವಾಗ ಕಳೆದುಹೋದ ದ್ರವ್ಯರಾಶಿ ಅದು; ನಕ್ಷತ್ರವು ಕೋಟ್ಯಂತರ ವರ್ಷ ಬೆಳಗಿದ ಬೆಳಕಾಗಿ ಹೊರಗೆ ಹೋದದ್ದು. ಆ ನಕ್ಷತ್ರದ ಬದುಕಿನ ಬೆಳಕೆಲ್ಲವೂ ನನ್ನ ವಿದ್ಯಾರ್ಥಿಗಳ ಎರಡು ಉತ್ತರಗಳ ನಡುವಿನ ಮೂರು ನೂರಾಂಶದಲ್ಲಿ ಕುಳಿತಿತ್ತು, ಮತ್ತು ನಾನು ಎರಡಕ್ಕೂ ಒಂದೇ ಅಂಕ ಹಾಕಿ ಪುಟ ತಿರುವಿದ್ದೆ.

ಎಲ್ಲ ಪುಸ್ತಕಗಳಲ್ಲೂ ಕಾಣುವ 1.44 ಈ ಎರಡರ ನಡುವೆ ಇದೆ. ಚಂದ್ರಶೇಖರ್ 1983ರ ತಮ್ಮ ನೊಬೆಲ್ ಉಪನ್ಯಾಸದಲ್ಲಿ ಕೊಟ್ಟ 5.76 ಎಂಬ ಅಂಕಿಯನ್ನು 2ರ ವರ್ಗದಿಂದ ಭಾಗಿಸಿದರೆ ಅದು ಸಿಗುತ್ತದೆ. ಲೆಕ್ಕ ಮಾಡದೆ 1.44 ಬರೆದ ಐವರನ್ನು ಕರೆದು ಆ ಸಂಖ್ಯೆ ಯಾವ ವಸ್ತುವಿಗೆ ಸಲ್ಲುತ್ತದೆ ಎಂದು ಕೇಳಿದಾಗ ಒಬ್ಬರಿಂದಲೂ ಉತ್ತರ ಬರಲಿಲ್ಲ.

ಆಮೇಲೆ ನಡೆದದ್ದು

ಹತ್ತೂ ಅಂಕಗಳನ್ನು ನಾನು ಮತ್ತೆ ಹಂಚಿದೆ. ಎಂಟು ಅಂಕ ಲೆಕ್ಕದ ಹೆಜ್ಜೆಗಳಿಗೆ, ಎರಡು ಅಂಕ ವಸ್ತುವಿನ ಆಯ್ಕೆಗೆ. ಸೀಸದ ಉತ್ತರಕ್ಕೆ ಎಂಟು ಬಂದವು. ಕಣ್ತಪ್ಪಿನಿಂದ ಮ್ಯೂ ಬಿಟ್ಟವನಿಗೆ ಆರು, ಹೈಡ್ರೋಜನ್ ಎಂದು ಕಾರಣ ಕೊಟ್ಟ ಇಬ್ಬರಿಗೆ ಎಂಟು. ಬರಿಯ 1.44 ಬರೆದವರಿಗೆ ಅವರು ಮುಗಿಸಿದ್ದ ಹೆಜ್ಜೆಗಳಿಗೆ ತಕ್ಕಂತೆ ಮೂರು ಅಥವಾ ನಾಲ್ಕು. ಇದರಿಂದ ಇಬ್ಬರಿಗೆ ಬೇಸರವಾಯಿತು. ಪುಸ್ತಕದಲ್ಲಿರುವ ಉತ್ತರ ಬರೆದರೂ ಅಂಕ ಕಡಿಮೆಯೇಕೆ ಎಂದು ಕೇಳಿದರು. ಅವರ ಬೇಸರದಲ್ಲಿ ಹುರುಳಿಲ್ಲವೆಂದು ಹೇಳಲಾರೆ. ಎರಡು ವರ್ಷ ಇಂಥದೇ ಉತ್ತರಕ್ಕೆ ಅಂಕ ಕೊಡುತ್ತ ಬಂದು ಮೂರನೆಯ ವರ್ಷ ಅಳತೆಗೋಲು ಬದಲಿಸಿದವನು ನಾನೇ.

ಪ್ರಶ್ನೆಯನ್ನು ಈಗ ಹೀಗೆ ತಿದ್ದಿದ್ದೇನೆ: "ಶ್ವೇತ ಕುಬ್ಜವು ಯಾವ ವಸ್ತುವಿನದೆಂದು ನೀವು ಭಾವಿಸುತ್ತೀರಿ, ಏಕೆ? ಆ ಭಾವನೆಯ ಮೇಲೆ ಅದರ ಗರಿಷ್ಠ ದ್ರವ್ಯರಾಶಿ ಎಷ್ಟು? ನಿಮ್ಮ ಉತ್ತರವನ್ನು ಪ್ರಶ್ನಿಸುವ ನಕ್ಷತ್ರ ಆಕಾಶದಲ್ಲಿ ಇದೆಯೇ?"

ಇದರೊಂದಿಗೆ ಇನ್ನೊಂದು ಪದವನ್ನೂ ಪಾಠಕ್ಕೆ ಸೇರಿಸಬೇಕಾಯಿತು. 1931ರ ಆ ಲೇಖನದ ಶೀರ್ಷಿಕೆಯಲ್ಲೇ ಶ್ವೇತ ಕುಬ್ಜಗಳಿಗೆ "ಆದರ್ಶ" ಎಂಬ ವಿಶೇಷಣವಿದೆ, ಮತ್ತು ಅದು ಅಲಂಕಾರಕ್ಕೆ ಬಂದದ್ದಲ್ಲ. ಎಲೆಕ್ಟ್ರಾನ್‌ಗಳಿಗೂ ಬೀಜಗಳಿಗೂ ನಡುವಿನ ವಿದ್ಯುತ್ ಸೆಳೆತ ಒತ್ತಡವನ್ನು ಸ್ವಲ್ಪ ತಗ್ಗಿಸುತ್ತದೆ. ಅತಿ ಸಾಂದ್ರ ಸ್ಥಿತಿಯಲ್ಲಿ ಬೀಜಗಳು ಎಲೆಕ್ಟ್ರಾನ್‌ಗಳನ್ನು ನುಂಗತೊಡಗಿ ಹೊರುವ ಹೆಗಲುಗಳನ್ನೇ ಕಡಿಮೆ ಮಾಡುತ್ತವೆ. ಸಾಮಾನ್ಯ ಸಾಪೇಕ್ಷತೆಯು ಗುರುತ್ವದ ಬೇಡಿಕೆಯನ್ನು ಹೆಚ್ಚಿಸುತ್ತದೆ. ಇವನ್ನೆಲ್ಲ ಸೇರಿಸಿದಾಗ ಕಾರ್ಬನ್ ನಕ್ಷತ್ರದ ಮಿತಿ 1.4ಕ್ಕಿಂತ ತುಸು ಕೆಳಗೆ ಇಳಿಯುತ್ತದೆ. ಜೊತೆಗಿನ ನಕ್ಷತ್ರದಿಂದ ವಸ್ತುವನ್ನು ಸೆಳೆದುಕೊಂಡು ಬೆಳೆಯುವ ಕಾರ್ಬನ್-ಆಕ್ಸಿಜನ್ ಕುಬ್ಜವು ಮಿತಿಯನ್ನು ಮುಟ್ಟುವ ಮುನ್ನವೇ, ಸುಮಾರು 1.38ರ ಹತ್ತಿರ, ಒಡಲಿನ ಕಾರ್ಬನ್ ಹೊತ್ತಿಕೊಂಡು ಸಿಡಿದುಹೋಗಬಹುದು. ವೇಗವಾಗಿ ತಿರುಗುವ ನಕ್ಷತ್ರ ಇದಕ್ಕಿಂತ ಹೆಚ್ಚು ಭಾರ ಹೊರಬಲ್ಲದು. ಇವನ್ನು ಈ ಮಟ್ಟದ ತರಗತಿಯಲ್ಲಿ ಪೂರ್ತಿ ಲೆಕ್ಕ ಮಾಡಿಸಲು ಆಗದು; ಯಾವುದು ಮಿತಿಯನ್ನು ಏರಿಸುತ್ತದೆ, ಯಾವುದು ಇಳಿಸುತ್ತದೆ ಎಂದು ತಿಳಿದಿದ್ದರೆ ಸಾಕು.

ಅಷ್ಟನ್ನು ತಿಳಿದಿದ್ದರಿಂದಲೇ ಸೇಡಂನ ಹುಡುಗಿ ಮಾರ್ಚ್‌ನಲ್ಲಿ ತನ್ನ ಸೆಮಿನಾರ್ ಸಿದ್ಧಪಡಿಸಿದ್ದು. ಅವಳು ಪ್ರಶ್ನೆಯನ್ನು ತಿರುವಿ ಹಾಕಿದ್ದಳು: ವಸ್ತುವಿನಿಂದ ಮಿತಿಯನ್ನು ಹುಡುಕುವ ಬದಲು, ಅಳೆದ ದ್ರವ್ಯರಾಶಿಯಿಂದ ವಸ್ತುವನ್ನು ಹುಡುಕುವುದು. ಪರಮಾಣು ದ್ರವ್ಯರಾಶಿ ಏಕಮಾನವನ್ನು ಹಾಕಿ, ಮ್ಯೂವನ್ನು 1 ಎಂದು ಹಿಡಿದಾಗ ಸೂತ್ರದಿಂದ ಬರುವ 5.82 ಎಂಬ ಸಂಖ್ಯೆಯನ್ನು ನಕ್ಷತ್ರದ ದ್ರವ್ಯರಾಶಿಯಿಂದ ಭಾಗಿಸಿ ವರ್ಗಮೂಲ ತೆಗೆದರೆ ಆ ನಕ್ಷತ್ರಕ್ಕೆ ಇರಬಹುದಾದ ಅತಿ ದೊಡ್ಡ ಮ್ಯೂ ಸಿಗುತ್ತದೆ. ಅದಕ್ಕಿಂತ ಹೆಚ್ಚಿನ ಮ್ಯೂ ಇರುವ ಯಾವ ಧಾತುವಿನಿಂದಲೂ ಆ ನಕ್ಷತ್ರ ಆಗಿರಲಾರದು. ಸಿರಿಯಸ್-ಬಿಗೆ ಅದು 2.39. ಸೀಸಕ್ಕೂ ಚಿನ್ನಕ್ಕೂ ಅಲ್ಲಿ ಎಡೆಯಿಲ್ಲ, ಕಬ್ಬಿಣಕ್ಕೆ ಇನ್ನೂ ಇದೆ.

ಎರಡನೆಯ ಉದಾಹರಣೆಯಾಗಿ ಅವಳು 2021ರಲ್ಲಿ ಪ್ರಕಟವಾದ ಒಂದು ಶ್ವೇತ ಕುಬ್ಜವನ್ನು ಆರಿಸಿಕೊಂಡಿದ್ದಳು. ಪಾಲೊಮಾರ್ ವೀಕ್ಷಣಾಲಯದ ಸಮೀಕ್ಷೆಯಲ್ಲಿ ಸಿಕ್ಕ ಅದರ ಹೆಸರು ಝೆಡ್‌ಟಿಎಫ್ ಜೆ1901+1458. ಹೆಸರಿನ ಕೊನೆಯ ಅಂಕಿಗಳೇ ಆಕಾಶದಲ್ಲಿ ಅದು ಸಮಭಾಜಕಕ್ಕೆ ಸುಮಾರು 15 ಡಿಗ್ರಿ ಉತ್ತರಕ್ಕಿದೆ ಎಂದು ಹೇಳುತ್ತವೆ. ಕಲಬುರಗಿ 17 ಡಿಗ್ರಿ ಚಿಲ್ಲರೆ ಅಕ್ಷಾಂಶದಲ್ಲಿರುವುದರಿಂದ ಅದು ದಿನಕ್ಕೊಮ್ಮೆ ನಮ್ಮ ನೆತ್ತಿಗೆ ತೀರ ಹತ್ತಿರದಲ್ಲೇ ದಾಟಿಹೋಗುತ್ತದೆ, ಕಣ್ಣಿಗೆ ಮಾತ್ರ ಕಾಣುವುದಿಲ್ಲ. ಆ ಪ್ರಕಟಣೆಯ ಪ್ರಕಾರ ಅದರ ತ್ರಿಜ್ಯ ಸುಮಾರು 2,140 ಕಿಲೋಮೀಟರ್, ಚಂದ್ರನಿಗಿಂತ ಸ್ವಲ್ಪ ದೊಡ್ಡದು. ದ್ರವ್ಯರಾಶಿ ಸೂರ್ಯನ 1.327ರಿಂದ 1.365 ಪಟ್ಟು. ಕಡಿಮೆ ಬೆಲೆಯನ್ನೇ ಹಿಡಿದು ಅವಳು ಮ್ಯೂ ಲೆಕ್ಕ ಹಾಕಿದಳು: 2.09. ಕಬ್ಬಿಣದ ಮ್ಯೂ 2.15.

"ಹಂಗಾದ್ರ ಇದು ಕಬ್ಬಿಣದ್ದೂ ಅಲ್ಲ" ಎಂದಳು. ಹಿಂದಿನ ಬೆಂಚಿನಿಂದ ಒಬ್ಬ ಎದ್ದು, ಈ ಸೂತ್ರ ಆದರ್ಶ ನಕ್ಷತ್ರಕ್ಕಲ್ಲವೇ, ನಿಜವಾದ ನಕ್ಷತ್ರಕ್ಕೆ ಈ ಮಾತು ನಿಂತೀತೇ ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅವಳು ಹಲಗೆಯತ್ತ ತಿರುಗಿ, ವಿದ್ಯುತ್ ಸೆಳೆತ, ಎಲೆಕ್ಟ್ರಾನ್ ನುಂಗುವಿಕೆ, ಸಾಮಾನ್ಯ ಸಾಪೇಕ್ಷತೆ ಈ ಮೂರರ ಮುಂದೆಯೂ ಕೆಳಮುಖದ ಬಾಣ ಎಳೆದಳು. ಮೂರೂ ಕಬ್ಬಿಣದ ಮಿತಿಯನ್ನು ಇನ್ನೂ ಇಳಿಸುತ್ತವೆ. ಆದರ್ಶ ಲೆಕ್ಕದಲ್ಲೇ ನಿಲ್ಲಲಾರದ ಕಬ್ಬಿಣ ನಿಜವಾದ ಲೆಕ್ಕದಲ್ಲಿ ಎಲ್ಲಿ ನಿಂತೀತು ಎಂದಳು. ತಿರುಗುವಿಕೆಯ ಮುಂದೆ ಮೇಲ್ಮುಖದ ಬಾಣ ಹಾಕಿ, ಈ ನಕ್ಷತ್ರ ಒಂದು ಸುತ್ತು ತಿರುಗಲು ಸುಮಾರು ಏಳು ನಿಮಿಷ ತೆಗೆದುಕೊಳ್ಳುತ್ತದೆ, ಭಾರ ಹೊರಲು ಅಷ್ಟು ವೇಗ ಏನೂ ಸಾಲದು ಎಂದು ಸೇರಿಸಿ, ಆ ಬಾಣವನ್ನು ಅಳಿಸಿದಳು.